ಶಕ್ತಿಮಾನ್ ಟ್ರಕ್ಕು: ಕೊಳ್ಳುವುದೋ, ಬಿಡುವುದೋ?

ಸಕಲೇಶಪುರದ ಕಡೆ ಮುಚ್ಚಿಹೋದ ಸಾಮಿಲ್ಲೊಂದರ ಹಿತ್ತಲಲ್ಲಿ ಸೇನೆ ಕೈಬಿಟ್ಟ ಶಕ್ತಿಮಾನ್ ಟ್ರಕ್ಕೊಂದು ನಿಂತಿದೆ. ಹರಾಜಿನಲ್ಲಿ ಬಂದು, ಕೆಲವು ಕಾಲ ದಿಮ್ಮಿ ಹೊತ್ತು, ಕೊನೆಗೆ ಅಲ್ಲೇ ನಿಂತುಬಿಟ್ಟದ್ದು. ಮಾಲೀಕರು ತೀರಿಕೊಂಡಿದ್ದಾರೆ. ಗುಜರಿಯವರು ಕೇಳುವ ಬೆಲೆಯ ಮೇಲೆ ಒಂದಿಷ್ಟು ಕೊಟ್ಟರೆ ಮನೆಯವರು ಬಿಟ್ಟುಕೊಡಲು ಸಿದ್ಧ. ಕಾಫಿ ತೋಟದ ಯುವಕರೊಬ್ಬರು ಅದನ್ನು ಕೊಂಡು ಮೊದಲಿನ ರೂಪಕ್ಕೆ ತರಬೇಕೆಂದಿದ್ದಾರೆ. ತೀರ್ಮಾನಕ್ಕೆ ಮೊದಲು ಇಬ್ಬರನ್ನು ಕರೆದುಕೊಂಡು ಹೋಗಿ ಗಾಡಿ ತೋರಿಸಿದರು. ಒಬ್ಬರು ಸೇನೆಯಲ್ಲಿ ಇದೇ ಟ್ರಕ್ಕು ಓಡಿಸಿದವರು, ಇನ್ನೊಬ್ಬರು ಹಾಸನದಲ್ಲಿ ಲಾರಿ ಗ್ಯಾರೇಜು ನಡೆಸುವವರು. ಇಬ್ಬರೂ ಬಹುಕಾಲದ ಪರಿಚಿತರು. ನೋಡಿದ್ದು ಒಂದೇ ಗಾಡಿ, ಹೇಳಿದ್ದು ಎರಡು ಮಾತು.

ಪರ: ಇದು ಗುಜರಿಗೆ ಹೋಗಬಾರದು

ಕೊಳ್ಳಬೇಕು ಎನ್ನುವುದು ನನ್ನ ಮಾತು. ನಾನು ಆರ್ಮಿ ಸರ್ವಿಸ್ ಕೋರ್‌ಗೆ ಡ್ರೈವರಾಗಿ ಸೇರಿ ಸುಬೇದಾರನಾಗಿ ನಿವೃತ್ತನಾದವನು. ಈ ಗಾಡಿಯ ಸ್ಟೇರಿಂಗು ಹಿಡಿದೇ ಮಕ್ಕಳನ್ನು ಓದಿಸಿದ್ದು. ಅಭಿಮಾನ ಇದೆ, ಮುಚ್ಚಿಡುವುದಿಲ್ಲ. ಆದರೆ ಅಭಿಮಾನವನ್ನು ಪಕ್ಕಕ್ಕಿಟ್ಟು ನೋಡಿದರೂ ಇದನ್ನು ಉಳಿಸಲು ಕಾರಣಗಳಿವೆ.

ಸ್ವಾತಂತ್ರ್ಯ ಬಂದಮೇಲೂ ನಮ್ಮ ಸೇನೆ ಬಹುಕಾಲ ಓಡಿದ್ದು ಎರಡನೇ ಮಹಾಯುದ್ಧ ಬಿಟ್ಟುಹೋದ ಗಾಡಿಗಳ ಮೇಲೆ. ಅಮೆರಿಕದ ಡಾಡ್ಜ್, ಕೆನಡಾದ ಫೋರ್ಡ್, ಶೆವರ್ಲೆ ಹೀಗೆ. ಬಿಡಿಭಾಗಕ್ಕೆ ಪರದೇಶದ ದಾರಿ ನೋಡಬೇಕಿತ್ತು. ಆಗ ಜರ್ಮನಿಯ ಮಾನ್ ಕಂಪನಿಯಿಂದ ಪರವಾನಗಿ ಪಡೆದು, ಜಬಲ್ಪುರದ ಗನ್ ಕ್ಯಾರೇಜ್ ಫ್ಯಾಕ್ಟರಿಯಲ್ಲಿ 1959ರಲ್ಲಿ ಶಕ್ತಿಮಾನ್ ತಯಾರಿಕೆ ಶುರುವಾಯಿತು. ಬ್ರಿಟಿಷರು ತೋಪಿನ ಗಾಡಿ ಮಾಡಲು 1904ರಲ್ಲಿ ಕಟ್ಟಿದ ಕಾರ್ಖಾನೆ ಅದು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಈ ಕೆಲಸದ ಬೆನ್ನಿಗೆ ನಿಂತರು. ಆಗ ಸೇನೆಯ ಮುಖ್ಯಸ್ಥರಾಗಿದ್ದವರು ನಮ್ಮ ಕೊಡಗಿನ ತಿಮ್ಮಯ್ಯ. ಇಬ್ಬರ ನಡುವಿನ ಬಿರುಕು ಬಯಲಾಗಿ ತಿಮ್ಮಯ್ಯನವರು ರಾಜೀನಾಮೆ ಬರೆದು ವಾಪಸು ತೆಗೆದುಕೊಂಡದ್ದೂ ಅದೇ ವರ್ಷ. ಆ ಜಗಳ ಎಲ್ಲರಿಗೂ ನೆನಪಿದೆ. ಅದೇ ವರ್ಷ ಹೊರಬಂದ ಈ ಟ್ರಕ್ಕು ಮುಂದೆ 1965ರಲ್ಲಿ, 1971ರಲ್ಲಿ ಮದ್ದುಗುಂಡು ಹೊತ್ತದ್ದು, ಗಡಿಯ ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಮುಟ್ಟಿಸಿದ್ದು ಯಾರ ಬಾಯಲ್ಲೂ ಬರುವುದಿಲ್ಲ. ತೊಂಬತ್ತರ ದಶಕದವರೆಗೂ ಇದೇ ಟ್ರಕ್ಕು ಜಬಲ್ಪುರದಿಂದ ಬರುತ್ತಿತ್ತು. ಆಮೇಲೆ ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಇದರ ಜಾಗ ಹಿಡಿಯಿತು.

ಮಡಿಕೇರಿಯ ಸನ್ನಿಸೈಡಿಗೆ, ಜನರಲ್ ತಿಮ್ಮಯ್ಯನವರ ಮನೆಯನ್ನೇ ಮ್ಯೂಸಿಯಂ ಮಾಡಿರುವಲ್ಲಿಗೆ, ಹೋಗಿ ನೋಡಿ. ಅಂಗಳದಲ್ಲಿ ಟ್ಯಾಂಕ್ ಇದೆ, ಮಿಗ್-21 ಇದೆ. ಮಕ್ಕಳು ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನೋಡಿದರೆ ಎದೆ ತುಂಬುತ್ತದೆ. ದೇಶದ ಎಷ್ಟೋ ಊರುಗಳ ಸರ್ಕಲ್ಲುಗಳಲ್ಲಿ ಟ್ಯಾಂಕು, ತೋಪು ನಿಂತಿವೆ. ಆದರೆ ಆ ಟ್ಯಾಂಕಿಗೆ ಡೀಸೆಲ್ ಒಯ್ದವರು ಯಾರು? ಆ ತೋಪಿಗೆ ಶೆಲ್ಲು ಒಯ್ದವರು ಯಾರು? 1948ರ ನವೆಂಬರಿನಲ್ಲಿ ತಿಮ್ಮಯ್ಯನವರು 3500 ಮೀಟರಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದ್ದನ್ನು ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಅದೇ ಜೋಜಿಲಾವನ್ನು ಆಮೇಲೆ ವರ್ಷ ವರ್ಷವೂ, ಹಿಮ ಕರಗಿ ದಾರಿ ಬಿಟ್ಟ ದಿನದಿಂದ ಮತ್ತೆ ಹಿಮ ಮುಚ್ಚುವ ದಿನದವರೆಗೆ, ಕಾನ್ವಾಯ್ ಕಟ್ಟಿಕೊಂಡು ಹತ್ತಿ ಇಳಿದ ಡ್ರೈವರುಗಳಿಗೆ ಸರ್ಕಲ್ಲಿನಲ್ಲಿ ಒಂದು ಗುರುತೂ ಇಲ್ಲ. ಟ್ರಕ್ಕು ಗೆದ್ದ ಯುದ್ಧ ಯಾವುದೂ ಇಲ್ಲ, ಟ್ರಕ್ಕಿಲ್ಲದೆ ಗೆದ್ದದ್ದೂ ಇಲ್ಲ. ನಿವೃತ್ತಿಯಾದ ಟ್ರಕ್ಕನ್ನು ಕೆಜಿ ಲೆಕ್ಕದಲ್ಲಿ ಕಡಿಯುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಆ ದಾರಿಯಲ್ಲಿ ಗಾಡಿ ಹೇಗೆ ನಡೆಯುತ್ತಿತ್ತು ಎಂದು ಒಂದಿಷ್ಟು ಹೇಳುತ್ತೇನೆ. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕೂತರೆ ಕೆಳಗೆ ಬರುವ ಹೊತ್ತಿಗೆ ಡ್ರಮ್ಮು ಕಾದು ಬ್ರೇಕೇ ಇರುವುದಿಲ್ಲ. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಒಂದೇ ಸಲಕ್ಕೆ ತಿರುಗದ ತಿರುವಿನಲ್ಲಿ ಹಿಂದೆ ಮುಂದೆ ಮಾಡಿ ತಿರುಗಿಸಬೇಕು. ಆಗ ಪಕ್ಕದಲ್ಲಿ ಕೂತ ಜೊತೆಯ ಡ್ರೈವರು ಮರದ ಗುಟ್ಟ ಹಿಡಿದು ಕೆಳಗೆ ಹಾರಿ, ಹಿಂದಿನ ಚಕ್ರಕ್ಕೆ ಕೊಟ್ಟು ನಿಲ್ಲುತ್ತಾನೆ. ಅವನ ಬೆನ್ನ ಹಿಂದೆ ಪ್ರಪಾತ. ಚಳಿಗಾಲದ ಬೆಳಿಗ್ಗೆ ಸಂಪಿನ ಅಡಿಗೆ ಬೆಂಕಿಯ ಕಾವು ಕೊಟ್ಟು ಆಯಿಲ್ ಕರಗಿಸಿಕೊಂಡಮೇಲೆಯೇ ಸ್ಟಾರ್ಟ್ ಮಾಡುವುದು. ಇದನ್ನೆಲ್ಲ ಬರವಣಿಗೆಯಲ್ಲಿ ಓದಿ ತಿಳಿಯುವುದು ಬೇರೆ, ಆ ಸೀಟಿನಲ್ಲಿ ಕೂತು, ಆ ಕ್ಲಚ್ಚಿನ ಭಾರ ಕಾಲಿಗೆ ತಾಕಿ ತಿಳಿಯುವುದು ಬೇರೆ. ಗಾಡಿ ಹೋದರೆ ಎರಡನೆಯದು ಹೋಗುತ್ತದೆ.

ಸಾಮಿಲ್ಲಿನ ಆ ಗಾಡಿಯ ಮುಂದೆ ಕೂತು ನಾನು ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಬಂಪರಿನ ಒಂದು ಮೂಲೆ ಉಜ್ಜಿ, ಎಮರಿ ಕಾಗದ ಹಾಕಿದೆ. ಮೊದಲು ಲಾರಿಯ ಕಂದು ಬಣ್ಣ ಬಂತು. ಅದರಡಿ ಹಸಿರು. ಹಸಿರಿನ ಮೇಲೆ ಹಳದಿ ಬಿಲ್ಲೆಯ ಒಂದು ಅಂಚು, ಅದರೊಳಗೆ ಕಪ್ಪು ಅಂಕಿಯ ಒಂದು ಗೆರೆ. ಸೇನೆಯ ಗಾಡಿಗಳ ಮೇಲೆ ಈ ಬಿಲ್ಲೆ ಬರೆಯುವುದು ಸೇತುವೆಗಾಗಿ. ಗಾಡಿ ಎಷ್ಟು ಭಾರದ ವರ್ಗದ್ದು ಎನ್ನುವುದನ್ನು ಸೇತುವೆಯ ಬಳಿ ನಿಂತ ಎಂಜಿನಿಯರ್ ಸಿಪಾಯಿ ದೂರದಿಂದಲೇ ಓದಿ ಬಿಡಬೇಕೋ ತಡೆಯಬೇಕೋ ತೀರ್ಮಾನಿಸುತ್ತಾನೆ. ಪುಣ್ಯಕ್ಕೆ ಹಿಂದಿನ ಮಾಲೀಕರು ಬಣ್ಣ ಕೆರೆಯದೆ ಮೇಲೆಯೇ ಬಳಿದಿದ್ದಾರೆ. ಇದರ ಕೆಳಗೆ ಇನ್ನೂ ಏನೇನಿದೆಯೋ. ಹಳೆಯ ನಂಬರು ಸಿಕ್ಕರಂತೂ, ಮೇಲ್ಮುಖದ ಬಾಣದ ಪಕ್ಕದ ಎರಡು ಅಂಕಿ ನೋಡಿ ಸೇನೆಗೆ ಬಂದ ವರ್ಷವನ್ನೇ ಹೇಳಬಹುದು.

ಇನ್ನು ಕೆಲಸ ಆಗುತ್ತದೆಯೇ ಎನ್ನುವ ಪ್ರಶ್ನೆ. ಆಗುತ್ತದೆ. ಇದರಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಬುಷ್ಷು ಸವೆದಿದ್ದರೆ ಲೇತಿನಲ್ಲಿ ತಿರುಗಿಸಿಕೊಳ್ಳಬಹುದು. ಡೀಸೆಲ್ ಪಂಪಿಗೆ ನಮ್ಮ ರಾಜ್ಯ ಯಾರ ಮುಂದೆಯೂ ಕೈಚಾಚಬೇಕಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೋ ಕಂಪನಿ ಶುರುವಾದಂದಿನಿಂದ ಪಂಪು, ನಾಝಲ್ ಬಲ್ಲ ಕೈಗಳು ಆಡುಗೋಡಿಯ ಸುತ್ತಮುತ್ತ ತಲೆಮಾರುಗಟ್ಟಲೆ ಬೆಳೆದಿವೆ. ಆಯಿಲ್ ಸೀಲು, ಬೇರಿಂಗು ಅಳತೆ ಹಿಡಿದು ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಬಹುಪಾಲು ಹೊಂದಿಸಬಹುದು. ಸಿಗದಿರುವುದು ಸಿಗದು, ಅದನ್ನು ಮಾಡಿಸಬೇಕು. ಆದರೆ ಈ ಗಾಡಿಯನ್ನು ಬಿಚ್ಚಿ ಕೂಡಿಸಿದ, ಸೇನೆಯ ದುರಸ್ತಿ ವಿಭಾಗವಾದ ಇಎಂಇಯ ಕುಶಲಕರ್ಮಿಗಳು ಹಾಸನ, ಕೊಡಗು, ಧಾರವಾಡ, ಬೆಳಗಾವಿಯ ಹಳ್ಳಿಗಳಲ್ಲಿ ಪಿಂಚಣಿ ತೆಗೆದುಕೊಂಡು ಕೂತಿದ್ದಾರೆ. ಅವರಿಗೂ ನನಗೂ ವಯಸ್ಸಾಗುತ್ತಿದೆ. ಇನ್ನು ಕೆಲವು ವರ್ಷ ಕಳೆದು ಟ್ರಕ್ಕು ಸಿಕ್ಕರೂ ಅದರ ಟ್ಯಾಪೆಟ್ ಹೊಂದಿಸಿ ತೋರಿಸುವವರು ಇರುವುದಿಲ್ಲ. ಕೊಳ್ಳುವುದಾದರೆ ಈಗಲೇ ಎನ್ನುವುದಕ್ಕೆ ನನ್ನ ದೊಡ್ಡ ಕಾರಣ ಇದೇ.

ಹಣದ ಮಾತನ್ನೂ ಆಡಿಬಿಡೋಣ. ಗುಜರಿ ಬೆಲೆಗೆ ಹತ್ತಿರದಲ್ಲಿ ಕೊಂಡದ್ದು ಪೂರ್ತಿ ಮುಳುಗುವುದಿಲ್ಲ, ಕಬ್ಬಿಣ ಕಬ್ಬಿಣವೇ. ದುರಸ್ತಿಯ ಖರ್ಚು ಒಂದೇ ಸಲ ಬರುವುದೂ ಇಲ್ಲ. ಈ ವರ್ಷ ಬ್ರೇಕು, ಮುಂದಿನ ವರ್ಷ ಎಂಜಿನ್ನು, ಆಮೇಲೆ ಕ್ಯಾಬಿನ್ನು. ನಾವು ದಿನಾ ಬೆಳಿಗ್ಗೆ ಫಸ್ಟ್ ಪರೇಡ್, ದಾರಿಯಲ್ಲಿ ಹಾಲ್ಟ್ ಪರೇಡ್, ಸಂಜೆ ಲಾಸ್ಟ್ ಪರೇಡ್ ಎಂದು ಗಾಡಿಯ ಸುತ್ತ ಬಂದು ನೀರು, ಆಯಿಲ್, ನಟ್ಟು, ಟೈರು ನೋಡುತ್ತಿದ್ದೆವು. ಆ ಶಿಸ್ತನ್ನು ಒಬ್ಬ ಯುವಕ ತಾನಾಗಿ ಮೈಗೂಡಿಸಿಕೊಳ್ಳಲು ಬಯಸಿದ್ದಾನೆ. ಬೇಡಪ್ಪಾ, ಮನೆಗೆ ಹೋಗು ಎಂದು ನಾನು ಹೇಳಲಾರೆ.

ವಿರೋಧ: ಪ್ರೀತಿ ಸಾಲದು

ಸುಬೇದಾರರ ಮಾತನ್ನು ನಾನು ಗೌರವದಿಂದ ಕೇಳಿದ್ದೇನೆ. ಅವರು ಬಂಪರು ಉಜ್ಜುತ್ತಿದ್ದಾಗ ನಾನು ಗಾಡಿಯ ಅಡಿಗೆ ಹೋಗಿದ್ದೆ. ಅಡಿಯಲ್ಲಿ ಕಂಡದ್ದನ್ನು ಹೇಳಬೇಕಾದದ್ದು ನನ್ನ ಕೆಲಸ.

ಮೊದಲು ಒಂದು ಮಾತು. ಸೇನೆ ಸುಮ್ಮನೆ ಗಾಡಿ ಬಿಡುವುದಿಲ್ಲ. ಇಎಂಇಯವರು ಪರೀಕ್ಷೆ ಮಾಡಿ 'ಬಿಯಾಂಡ್ ಎಕನಾಮಿಕಲ್ ರಿಪೇರಿ' ಎಂದು ಷರಾ ಬರೆದಮೇಲೆ ಹರಾಜು. ದೇಶದ ಅತ್ಯುತ್ತಮ ವರ್ಕ್‌ಷಾಪುಗಳನ್ನು, ಸಂಬಳ ಕೊಟ್ಟು ಇಟ್ಟ ಮೆಕ್ಯಾನಿಕ್ಕುಗಳನ್ನು, ಡಿಪೊ ತುಂಬ ಬಿಡಿಭಾಗಗಳನ್ನು ಇಟ್ಟುಕೊಂಡ ಸಂಸ್ಥೆಯೇ ಇದನ್ನು ರಿಪೇರಿ ಮಾಡಿದರೆ ಪೂರೈಸುವುದಿಲ್ಲ ಎಂದು ತೀರ್ಮಾನಿಸಿದ ಮೇಲೆ, ದಿಮ್ಮಿ ವ್ಯಾಪಾರಿಯ ಕೈಯಲ್ಲಿ ಅದು ಮತ್ತೆ ದುಡಿಯಿತು. ಘಟ್ಟದ ಕೆಸರಿನಲ್ಲಿ, ಮಿತಿಮೀರಿದ ಭಾರದಲ್ಲಿ. ಆಮೇಲೆ ಸಕಲೇಶಪುರದ ಮಳೆಗೆ ಬಿದ್ದುಕೊಂಡಿತು. ಚಾಸಿಸ್ಸಿನ ಉದ್ದ ತೊಲೆಯ ಮೇಲೆ ಸ್ಪ್ರಿಂಗ್ ಪಟ್ಟಿಯ ಬ್ರಾಕೆಟ್ಟು ಕೂರುವ ಕಡೆ ಸ್ಕ್ರೂಡ್ರೈವರ್ ಒತ್ತಿದೆ. ಪದರ ಪದರವಾಗಿ ತುಕ್ಕು ಉದುರಿ ಬಂತು. ಅಲ್ಲೇ ಹಿಂದೆ ಯಾರೋ ವೆಲ್ಡಿಂಗ್ ಮಾಡಿ ತಗಡಿನ ತೇಪೆ ಹಾಕಿದ್ದಾರೆ. ತೇಪೆ ಹಾಕಿದ ಚಾಸಿಸ್ ನಿಂತ ಗಾಡಿಯನ್ನು ಹೊರುತ್ತದೆ, ಆದರೆ ತಿರುವಿನಲ್ಲಿ ವಾಲುವ ಗಾಡಿಯನ್ನು ಹೊರುತ್ತದೆ ಎಂದು ನಾನು ಸಹಿ ಹಾಕಲಾರೆ.

ಎರಡನೆಯದು ಕಾಗದ. ಇದನ್ನು ಜನ ಕೊನೆಗೆ ನೋಡುತ್ತಾರೆ. ನೋಡಬೇಕಾದದ್ದು ಮೊದಲು. ಸೇನೆಯಿಂದ ಬಂದ ಗಾಡಿ ಮೊದಲ ಸಲ ಆರ್‌ಟಿಒದಲ್ಲಿ ನೋಂದಣಿಯಾಗಬೇಕಾದರೆ ಸಂಬಂಧಪಟ್ಟ ಸೇನಾ ಅಧಿಕಾರಿಗಳು ಕೊಟ್ಟ ಮೂಲ ಮಾರಾಟ ಪತ್ರ, ಅಂದರೆ ಫಾರಂ 21, ಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳು ಇದನ್ನು ಬಿಡಿಸಿ ಹೇಳಿವೆ. ಈ ಗಾಡಿಗೆ ಆರ್‌ಸಿ ಇದೆ, ನಿಜ. ಆದರೆ ಅದು ತೀರಿಕೊಂಡವರ ಹೆಸರಿನಲ್ಲಿದೆ. ಮೊದಲು ವಾರಸುದಾರರು ಫಾರಂ 31 ಕೊಟ್ಟು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು, ಆಮೇಲೆ ನಿಮಗೆ ಕೊಡಬೇಕು. ಸರಕು ಸಾಗಿಸುವ ವಾಹನಕ್ಕೆ ಚಾಲ್ತಿಯಲ್ಲಿರುವ ಎಫ್‌ಸಿ, ಅಂದರೆ ಫಿಟ್‌ನೆಸ್ ಪತ್ರ, ಇಲ್ಲವಾದರೆ ಮೋಟಾರು ವಾಹನ ಕಾಯಿದೆಯ 56ನೇ ಕಲಂ ಪ್ರಕಾರ ಅದರ ನೋಂದಣಿಯೇ ಊರ್ಜಿತವಲ್ಲ. ತೆರಿಗೆ ಬಾಕಿ ಇದ್ದರೆ ಅದೂ ತೀರಬೇಕು. ಇದನ್ನೆಲ್ಲ ಮುಗಿಸಿದ ಮೇಲೆ ಇನ್ಸ್‌ಪೆಕ್ಟರ್ ಬಂದು ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರೆ. ನಾನು ವೈರ್ ಬ್ರಷ್ಷಿನಿಂದ ತಿಕ್ಕಿ ನೋಡಿದೆ. ಕೊನೆಯ ಎರಡು ಅಂಕಿಗಳನ್ನು ತುಕ್ಕು ತಿಂದಿದೆ. ಎಂಥ ಮೆಕ್ಯಾನಿಕ್ಕೂ ಇದಕ್ಕೆ ಔಷಧ ಕೊಡಲಾರ.

'ವಿಂಟೇಜ್ ಎಂದು ನೋಂದಣಿ ಮಾಡಿಸುತ್ತೇನೆ' ಎಂದು ಯುವಕರು ಹೇಳಿದರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿದೆ, ಒಳ್ಳೆಯದೇ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಎಂಬ ಪ್ರತ್ಯೇಕ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ನಿಯಮ ಹೇಳುವುದು ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳ ಬಗ್ಗೆ. ದಿಮ್ಮಿ ಹೊತ್ತು ಸರಕು ವಾಹನವೆಂದೇ ನೋಂದಣಿಯಾದ ಲಾರಿ ಅದರೊಳಗೆ ಬರುತ್ತದೆ ಎಂದು ವಾದಿಸುವುದು ಸುಲಭವಲ್ಲ. ಇನ್ನೊಂದು ತೊಡಕು ಸೇನೆಯ ಗಾಡಿಗಳಿಗಷ್ಟೇ ಇರುವಂಥದ್ದು. ಐವತ್ತು ವರ್ಷವನ್ನು ಎಣಿಸುವುದು ಮೊದಲ ಮಾರಾಟದ ನಂತರದ ಮೊದಲ ನೋಂದಣಿಯಿಂದ. ಸೇನೆಯಲ್ಲಿದ್ದಷ್ಟು ಕಾಲ ಇದಕ್ಕೆ ಆರ್‌ಟಿಒ ನೋಂದಣಿಯೇ ಇರಲಿಲ್ಲ. ಜಬಲ್ಪುರದಲ್ಲಿ ಎಪ್ಪತ್ತರ ದಶಕದಲ್ಲಿ ಹುಟ್ಟಿದ್ದರೂ ತೊಂಬತ್ತರ ದಶಕದಲ್ಲಿ ನೋಂದಣಿಯಾಗಿದ್ದರೆ, ನಿಯಮದ ಅಕ್ಷರ ಹಿಡಿದರೆ, ಲೆಕ್ಕ ಅಲ್ಲಿಂದ. ಒಂದು ವೇಳೆ ನೋಂದಣಿ ಆಯಿತೆಂದೇ ಇಟ್ಟುಕೊಳ್ಳಿ. ಪ್ರದರ್ಶನಕ್ಕೆ, ವಿಂಟೇಜ್ ರ‍್ಯಾಲಿಗೆ, ಡೀಸೆಲ್ ತುಂಬಿಸಲು, ರಿಪೇರಿಗೆ ತೆಗೆಯಬಹುದು. ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ.

ಬಣ್ಣದ ವಿಷಯ ಸುಬೇದಾರರಿಗೆ ನೋವು ತರುತ್ತದೆ ಎಂದು ಗೊತ್ತು, ಆದರೂ ಹೇಳಬೇಕು. ಅದೇ ಕೇಂದ್ರ ನಿಯಮಗಳ 121ನೇ ನಿಯಮದಂತೆ ರಕ್ಷಣಾ ಇಲಾಖೆಯ ವಾಹನ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. ಸೇನೆಯ ಗಾಡಿಯೆಂದು ಸೋಗು ಹಾಕಿ ಯಾರೂ ಚೆಕ್‌ಪೋಸ್ಟ್ ದಾಟಬಾರದು ಎನ್ನುವುದಕ್ಕೆ ಅಂಥ ನಿಯಮ ಬೇಕೇ ಬೇಕು. ಮೊದಲಿನ ರೂಪಕ್ಕೆ ತರುತ್ತೇನೆ ಎಂದು ಹೊರಟವರು ಮೊದಲಿನ ಬಣ್ಣವನ್ನೇ ಹಚ್ಚಿ ರಸ್ತೆಗೆ ಇಳಿಯಲಾಗದು. ಹಾಗಾದರೆ ಇಷ್ಟು ಹಣ, ಇಷ್ಟು ಬೆವರು ಯಾವ ರೂಪಕ್ಕೆ?

ಇನ್ನು ಜೀವದ ಮಾತು. ಹಳೆಯ ಲಾರಿಯ ಚಕ್ರಕ್ಕೆ ಲಾಕ್ ರಿಂಗ್ ಇರುತ್ತದೆ. ಟೈರನ್ನು ರಿಮ್ಮಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ ಅದು. ರಿಮ್ಮಿನ ತೋಡಿಗೆ ತುಕ್ಕು ಹಿಡಿದು ಬಳೆ ಸರಿಯಾಗಿ ಕೂರದಿದ್ದರೆ, ಗಾಳಿ ತುಂಬುವಾಗ ಅದು ಫಿರಂಗಿ ಗುಂಡಿನಂತೆ ಎಗರುತ್ತದೆ. ಎದುರಿಗೆ ಇದ್ದವರ ತಲೆ ಉಳಿಯುವುದಿಲ್ಲ. ಟೈರು ಅಂಗಡಿಯ ಅನುಭವಸ್ಥರು ರಿಮ್ಮಿನ ತೂತುಗಳೊಳಗೆ ಕಬ್ಬಿಣದ ರಾಡು ತೂರಿಸಿ, ಪಕ್ಕಕ್ಕೆ ಸರಿದು ನಿಂತು ಗಾಳಿ ಬಿಡುವುದು ಇದಕ್ಕೇ. ಮನೆಯ ಅಂಗಳದಲ್ಲಿ ವಿಡಿಯೊ ನೋಡಿಕೊಂಡು ಕೆಲಸ ಕಲಿಯುವ ಹುಡುಗರಿಗೆ ಇದನ್ನು ಯಾರು ಹೇಳುತ್ತಾರೆ? ಹಾಗೆಯೇ ಆ ಕಾಲದ ಬ್ರೇಕ್ ಲೈನಿಂಗಿನಲ್ಲಿ, ಕ್ಲಚ್ ಪ್ಲೇಟಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದೊಡನೆ ಕಂಪ್ರೆಸರಿನ ಗಾಳಿ ಹಿಡಿದು ಧೂಳು ಹಾರಿಸುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಕಾಯಿಲೆ ಎಷ್ಟೋ ವರ್ಷಗಳ ಮೇಲೆ ತಲೆ ಎತ್ತುತ್ತದೆ. ನನ್ನಲ್ಲಿ ಕೆಲಸ ಕಲಿಯುವ ಹುಡುಗರಿಗೆ ನಾನು ಒದ್ದೆ ಬಟ್ಟೆಯಿಂದಲೇ ಒರೆಸಿಸುತ್ತೇನೆ.

ಬಿಡಿಭಾಗ ಹೊಂದಿಸಬಹುದು ಎಂದರು. ಸೀಲು, ಬೇರಿಂಗು ಹೊಂದಿಸೋಣ. ಮುಂದಿನ ಆಕ್ಸಲ್ಲಿನ ಜಾಯಿಂಟು, ಟ್ರಾನ್ಸ್‌ಫರ್ ಕೇಸಿನ ಗೇರು ಹೋಗಿದ್ದರೆ? ನಾಲ್ಕೂ ಚಕ್ರಕ್ಕೆ ಶಕ್ತಿ ಹರಿಸುವ ಈ ಭಾಗಗಳನ್ನು ಜೆ.ಸಿ. ರಸ್ತೆಯ ಕಪಾಟಿನಲ್ಲಿ ಯಾರೂ ಇಟ್ಟಿರುವುದಿಲ್ಲ. ಆಗ ಇನ್ನೊಂದು ಶಕ್ತಿಮಾನ್ ಹುಡುಕಿ ಕೊಂಡು ಅದರ ಕರುಳು ತೆಗೆದು ಇದಕ್ಕೆ ಹಾಕಬೇಕು. ಒಂದನ್ನು ಉಳಿಸುತ್ತೇನೆ ಎಂದು ಹೊರಟು ಇನ್ನೊಂದನ್ನು, ಅದೂ ಸಾಲದಿದ್ದರೆ ಮತ್ತೊಂದನ್ನು ಕೊಲ್ಲುವ ಕೆಲಸ. ಮುಂದೆ ಹಳೆಯ ಗಾಡಿಗಳು ಮಾರುಕಟ್ಟೆಗೆ ಬರುವುದೂ ಕಡಿಮೆ. 2023ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳನ್ನು ನೋಂದಾಯಿತ ಗುಜರಿ ಕೇಂದ್ರದಲ್ಲೇ ಒಡೆಯಬೇಕು ಎಂದಾಗಿದೆ. ರಕ್ಷಣೆಯ ಕಾರ್ಯಾಚರಣೆಗೆ ಬಳಸುವ ವಿಶೇಷ ವಾಹನಗಳಿಗೆ ವಿನಾಯಿತಿ ಇದೆ, ಆದರೂ ಕೈಗೆ ಸಿಗುವ ಹಳೆಯ ಗಾಡಿಗಳ ಒಟ್ಟು ರಾಶಿ ಕರಗುತ್ತಲೇ ಹೋಗುತ್ತದೆ.

ಹಣದ ಬಗ್ಗೆ ಸುಬೇದಾರರು ಹೇಳಿದ ಲೆಕ್ಕಕ್ಕೆ ನನ್ನದೊಂದು ತಕರಾರು. ಗುಜರಿ ಬೆಲೆ ವಾಪಸು ಬರುವುದು ಗಾಡಿ ಹಾಗೇ ಇದ್ದರೆ. ಕ್ರೇನು, ಸಾಗಣೆ, ಶೆಡ್ಡು, ಮರಳು ಬೀಸಿ ತುಕ್ಕು ತೆಗೆಸುವುದು, ಟೈರುಗಳು, ಇವು ಯಾವುವೂ ವಾಪಸು ಬರುವುದಿಲ್ಲ. ಲಾರಿ ಟೈರು ವಾರ ವಾರ ಕೊಳ್ಳುವ ನಾನು ಹೇಳುತ್ತೇನೆ, ಇದಕ್ಕೆ ಚಕ್ರ ತೊಡಿಸುವಷ್ಟರಲ್ಲೇ ಗಾಡಿಯ ಬೆಲೆ ಮೀರುತ್ತದೆ. ಇಪ್ಪತ್ತು ಅಡಿಗೂ ಉದ್ದದ ವಸ್ತುವಿಗೆ ಮಳೆ ತಾಗದ ಸೂರು ಬೇಕು. ಇಲ್ಲದಿದ್ದರೆ ಈ ಬೇಸಿಗೆಯಲ್ಲಿ ತೆಗೆದ ತುಕ್ಕು ಮುಂದಿನ ಮಳೆಗಾಲದಲ್ಲಿ ಮತ್ತೆ ಹಾಜರ್. ನನ್ನ ಗ್ಯಾರೇಜಿನ ಹಿಂದೆ ಅರ್ಧ ಬಿಚ್ಚಿದ ಗಾಡಿಗಳಿವೆ. ಎಲ್ಲವನ್ನೂ ಯಾರೋ ಒಬ್ಬರು ಪ್ರೀತಿಯಿಂದಲೇ ತಂದು ಬಿಟ್ಟದ್ದು. ಬಿಚ್ಚುವಾಗ ನಾಲ್ಕು ಜನ ಬರುತ್ತಾರೆ, ಕೂಡಿಸುವ ಹೊತ್ತಿಗೆ ಒಬ್ಬನೇ ಉಳಿಯುತ್ತಾನೆ, ನಟ್ಟು ಬೋಲ್ಟಿನ ಡಬ್ಬಿಗಳ ಮೇಲೆ ಬರೆದ ಚೀಟಿ ಮಾಸಿರುತ್ತದೆ. ಬಿಚ್ಚದೆ ಬಿಟ್ಟ ಗಾಡಿಯಲ್ಲಿ ಏನಾದರೂ ಉಳಿದಿರುತ್ತದೆ. ಬಿಚ್ಚಿ ಬಿಟ್ಟದ್ದು ಪೂರ್ತಿ ಹೋಯಿತು.

ಸೇನೆಯ ಹಳೆಯ ಗಾಡಿಯೇ ಬೇಕು ಎನ್ನುವ ಆಸೆಯಾದರೆ ಜೋಂಗಾ ಇದೆ, ಅದೂ ಜಬಲ್ಪುರದ್ದೇ. ನಿಸ್ಸಾನ್ ಪೆಟ್ರೋಲ್ ಎಂಜಿನ್ನು, ಸುಮಾರು ನಾಲ್ಕು ಲೀಟರಿನದ್ದು, ಎಣ್ಣೆ ಕುಡಿಯುತ್ತದೆ. ಆದರೆ ಶೆಡ್ಡಿನೊಳಗೆ ಹಿಡಿಯುತ್ತದೆ, ಜೀಪಿನ ಗಾತ್ರದ ಕೆಲಸ. ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಒಂದನ್ನು ಮನೆಗೆ ತಂದದ್ದು ಸುದ್ದಿಯಾಗಿತ್ತು. ಬೆಟ್ಟದ ತೋಟಗಳಲ್ಲಿ ಇವತ್ತಿಗೂ ಜೋಂಗಾ, ವಿಲ್ಲೀಸ್ ಜೀಪು ಓಡುತ್ತಿವೆ, ಅವನ್ನು ಬಲ್ಲ ಮೆಕ್ಯಾನಿಕ್ಕುಗಳೂ ಇದ್ದಾರೆ. ಮೊದಲ ಗಾಡಿಯಾಗಿ ನಾಲ್ಕೈದು ಟನ್ನಿನ ಕಬ್ಬಿಣ ಹೆಗಲಿಗೆ ಹಾಕಿಕೊಳ್ಳುವ ಅಗತ್ಯ ಏನು?

ಪರದ ಮರುಮಾತು

ನೀವು ಗಾಡಿಯ ಅಡಿಯಿಂದ ಎದ್ದು ಬಂದಾಗ ನಿಮ್ಮ ಮುಖ ನೋಡಿಯೇ ಚಾಸಿಸ್ಸಿನ ಕತೆ ಗೊತ್ತಾಯಿತು. ಬ್ರೇಕು, ಲಾಕ್ ರಿಂಗು, ಆಸ್ಬೆಸ್ಟಾಸಿನ ವಿಷಯದಲ್ಲಿ ನಿಮ್ಮ ಮಾತೇ ಕೊನೆಯ ಮಾತು. ಅಂಗಳದಲ್ಲಿ ಮಾಡುವ ಕೆಲಸವಲ್ಲ ಅದು, ನಿಮ್ಮಂಥವರ ಗ್ಯಾರೇಜಿನಲ್ಲೇ ಆಗಬೇಕು.

ಆದರೆ ರಸ್ತೆಗೆ ಇಳಿಸಲಾಗದಿದ್ದರೆ ಉಳಿಸುವುದೇ ಬೇಡ ಎನ್ನುವುದನ್ನು ಒಪ್ಪಲಾರೆ. ನಾನು ಕೇಳುತ್ತಿರುವುದು ಹೊಸ ಗಾಡಿಯನ್ನಲ್ಲ. ತುಕ್ಕು ಹಬ್ಬದಂತೆ ತಡೆದು, ಎಂಜಿನ್ ಉಸಿರಾಡುವಂತೆ ಮಾಡಿ, ಸೂರಿನಡಿ ನಿಲ್ಲಿಸಿದರೆ ಅದೇ ನನಗೆ ಸಾಕು. ಬಣ್ಣದ ಬಗ್ಗೆ ಮೊನ್ನೆಯಿಂದ ಯೋಚಿಸುತ್ತಿದ್ದೇನೆ. ಹಸಿರು ಬಳಿಯುವುದು ಬೇಡ. ದಿಮ್ಮಿ ಲಾರಿಯ ಕಂದು ಬಣ್ಣವೂ ಇರಲಿ. ಸೇನೆ ಬಿಟ್ಟಮೇಲೆ ಅದು ಮಲೆನಾಡಿನಲ್ಲಿ ದುಡಿದದ್ದೂ ಅದರ ಬದುಕೇ. ಬಂಪರಿನ ಆ ಒಂದು ಮೂಲೆಯನ್ನಷ್ಟೇ ಹಾಗೇ ಬಿಡೋಣ, ಕಂದಿನಡಿಯ ಹಸಿರು, ಹಸಿರಿನ ಮೇಲಿನ ಹಳದಿ ಬಿಲ್ಲೆ ಕಾಣುವಂತೆ.

ಜೋಂಗಾ ಒಳ್ಳೆಯ ಗಾಡಿ, ಅದನ್ನು ಉಳಿಸಲು ಜನ ಇದ್ದಾರೆ. ಅದು ಚಿಕ್ಕದು, ಚಂದದ್ದು, ಮದುವೆ ಮೆರವಣಿಗೆಗೂ ಆಗುತ್ತದೆ. ಶಕ್ತಿಮಾನಿಗೆ ಆ ಭಾಗ್ಯ ಇಲ್ಲ. ಯಾರಿಗೂ ಬೇಡವಾದದ್ದನ್ನು ಬೇಕು ಎನ್ನುವ ಒಬ್ಬ ಹುಡುಗ ಬಂದಿದ್ದಾನೆ. ಅವನ ಹತ್ತಿರ ತೋಟ ಇದೆ, ಕಾಫಿ ಒಣಗಿಸುವ ಕಣದ ಪಕ್ಕ ಖಾಲಿ ಗೋಡೌನ್ ಇದೆ. ಧರ್ಮಸ್ಥಳದಲ್ಲಿ ಹಳೆಯ ಕಾರುಗಳನ್ನು ಸಾಲಾಗಿ ಉಳಿಸಿಟ್ಟಿದ್ದನ್ನು ನೋಡಲು ಜನ ಬರುತ್ತಾರಲ್ಲ, ಒಂದು ಟ್ರಕ್ಕನ್ನು ನೋಡಲೂ ಬರುತ್ತಾರೆ. ನಮ್ಮ ಪಿಂಚಣಿದಾರರಂತೂ ಖಂಡಿತ ಬರುತ್ತಾರೆ, ಮೊಮ್ಮಕ್ಕಳ ಕೈ ಹಿಡಿದುಕೊಂಡು.

ವಿರೋಧದ ಮರುಮಾತು

ಸೂರಿನಡಿ ನಿಲ್ಲಿಸುವುದು ಬೇರೆ ಪ್ರಶ್ನೆ, ಮೊದಲಿನ ರೂಪಕ್ಕೆ ತರುವುದು ಬೇರೆ ಪ್ರಶ್ನೆ. ಯುವಕರು ನಮ್ಮನ್ನು ಕೇಳಿದ್ದು ಎರಡನೆಯದನ್ನು. ಅದಕ್ಕೆ ನನ್ನ ಉತ್ತರ ಬದಲಾಗಿಲ್ಲ, ಬೇಡ. ತೇಪೆ ಹಾಕಿದ ಚಾಸಿಸ್ಸಿನ ಮೇಲೆ ನಾನು ಕೆಲಸ ಕಟ್ಟುವುದಿಲ್ಲ.

ನೀವು ಹೇಳುವ ಮೊದಲನೆಯದಕ್ಕೂ ಕಾಗದ ಬೇಕು ಸುಬೇದಾರರೇ. ಕಾಗದವಿಲ್ಲದ ಸೇನೆಯ ಗಾಡಿ ಗೋಡೌನಿನಲ್ಲಿ ಇದ್ದರೂ ಎಲ್ಲಿಂದ ಬಂತು ಎಂದು ಪೊಲೀಸರು ಕೇಳಿದರೆ ಆ ಹುಡುಗ ಏನು ತೋರಿಸುತ್ತಾನೆ? ಇದನ್ನು ಮಾತ್ರ ಮಾಡಲಿ: ಮುಂಗಡ ಕೊಡುವ ಮೊದಲು ಮನೆಯವರಿಂದ ಹಳೆಯ ಆರ್‌ಸಿ ಪಡೆದು ಆರ್‌ಟಿಒ ಕಚೇರಿಗೆ ಹೋಗಿ, ಮೊದಲ ನೋಂದಣಿಯ ಕಡತದಲ್ಲಿ ಫಾರಂ 21 ಇದೆಯೇ, ಅದರಲ್ಲಿ ಬರೆದ ಚಾಸಿಸ್ ನಂಬರು ಯಾವುದು, ಎಂಜಿನ್ ನಂಬರು ಯಾವುದು ನೋಡಿಕೊಂಡು ಬರಲಿ. ಎಂಜಿನ್ ಬ್ಲಾಕಿನ ಮೇಲಿನ ನಂಬರು ನಾನು ಓದಿದ್ದೇನೆ, ಅದು ಸ್ಪಷ್ಟವಾಗಿದೆ. ಅದು ತಾಳೆಯಾದರೆ, ಚಾಸಿಸ್ಸಿನ ಉಳಿದ ಅಂಕಿಗಳೂ ತಾಳೆಯಾದರೆ, ಗೋಡೌನಿಗೆ ಸಾಗಿಸಲು ಚೈನ್ ಪುಲ್ಲಿ ನಾನೇ ಹಿಡಿದುಕೊಂಡು ಬರುತ್ತೇನೆ. ತಾಳೆಯಾಗದಿದ್ದರೆ ಆ ಎಂಜಿನ್ನನ್ನೂ ಕ್ಯಾಬಿನ್ನಿನ ಗೇರು ನಕ್ಷೆಯ ತಗಡನ್ನೂ ಮಡಿಕೇರಿಯ ಮ್ಯೂಸಿಯಮ್ಮಿನವರು ಒಪ್ಪುವುದಾದರೆ ಕೊಡಿಸಿ, ಉಳಿದದ್ದನ್ನು ಬಿಟ್ಟುಬಿಡೋಣ.